ಹಾರುವ ಹಕ್ಕಿಯ ಶಾರ್ಪ್ ಫೋಟೊ: ಕೆರೆ ಏರಿಯಿಂದ ಕಂಪ್ಯೂಟರ್‌ವರೆಗೆ

ಮೊದಲ ಸಲ ರಂಗನತಿಟ್ಟಿಗೆ ಹೋಗಿ ದೋಣಿಯಿಂದ ಇಳಿದಾಗ ನನ್ನ ಕಾರ್ಡಿನಲ್ಲಿ 600ಕ್ಕೂ ಹೆಚ್ಚು ಫೋಟೊ ಇದ್ದವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆ. ಕೂತ ಹಕ್ಕಿಗಳೆಲ್ಲ ಚೆನ್ನಾಗಿದ್ದವು. ಹಾರಿದವು ಒಂದೂ ಶಾರ್ಪ್ ಇರಲಿಲ್ಲ. ರೆಕ್ಕೆ ಇರಬೇಕಾದ ಕಡೆ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಕಾಣುತ್ತಿತ್ತು. ಶಟರ್ ವೇಗ ನೋಡಿದರೆ 1/320 ಸೆಕೆಂಡ್, ಹಾರುವ ಹಕ್ಕಿಗೆ ತೀರಾ ನಿಧಾನ. ಕ್ಯಾಮೆರಾ ತನ್ನ ಪಾಡಿಗೆ ತಾನು ಆರಿಸಿಕೊಂಡಿತ್ತು, ನಾನು ನೋಡಿರಲೇ ಇಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಶಾರ್ಪ್‌ನೆಸ್ ಸ್ಲೈಡರ್ ಅಂತ ಒಂದಿದೆಯಲ್ಲ, ಅದನ್ನು ಕೊನೆವರೆಗೂ ಎಳೆದೆ. ಹಕ್ಕಿ ಶಾರ್ಪ್ ಆಗಲಿಲ್ಲ. ಮೈಮೇಲೆ ಮರಳು ಎರಚಿದ ಹಾಗಾಯಿತು.

ಆಮೇಲೆ ಕೆಲವು ವರ್ಷ ಕೆರೆ ಏರಿಗಳ ಮೇಲೆ ಕುತ್ತಿಗೆ ನೋಯಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೆ 300 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಇದೆ ಎಂದುಕೊಂಡಿದ್ದೇನೆ. ಹಳೆಯ 70-300 ಲೆನ್ಸ್ ಆದರೂ ಸಾಕು. ಹೊಸ ಲೆನ್ಸ್ ಕೊಳ್ಳುವ ಯೋಚನೆಯನ್ನು ಈ ಬರಹ ಮುಗಿಯುವವರೆಗೆ ಮುಂದಕ್ಕೆ ಹಾಕಿ.

ಹದ್ದಿನಿಂದ ಶುರು ಮಾಡಿ

ಎಲ್ಲರಿಗೂ ಮೊದಲು ಮಿಂಚುಳ್ಳಿಯೇ ಬೇಕು. ನೀರಿಗೆ ಧುಮುಕಿ ಮೀನು ಕಚ್ಚಿಕೊಂಡು ಮೇಲೇಳುವ ಚಿತ್ರ. ಆಸೆ ತಪ್ಪಲ್ಲ, ಆದರೆ ಅದು ಕೊನೆಯ ಪಾಠ. ಈಜು ಬಾರದವರು ನೇರವಾಗಿ ಕಾವೇರಿ ಮಡುವಿಗೆ ಇಳಿದ ಹಾಗೆ.

ಮೊದಲ ಗುರು ನಮ್ಮ ಊರಿನ ಹದ್ದು. ದೊಡ್ಡ ಹಕ್ಕಿ, ನಿಧಾನ. ರೆಕ್ಕೆ ಬಡಿಯುವುದು ಕಡಿಮೆ, ತೇಲುವುದು ಜಾಸ್ತಿ. ಒಂದೇ ಜಾಗದಲ್ಲಿ ಸುತ್ತು ಹಾಕುತ್ತದೆ, ಹಾಗಾಗಿ ಈ ಸುತ್ತಿನಲ್ಲಿ ತಪ್ಪಿದರೆ ಮುಂದಿನ ಸುತ್ತು ಇದ್ದೇ ಇದೆ. ಮನೆಯ ತಾರಸಿಯಿಂದ, ಮೀನು ಮಾರ್ಕೆಟ್ಟಿನ ಹತ್ತಿರದಿಂದ ಎಲ್ಲಿಂದ ಬೇಕಾದರೂ ತೆಗೆಯಬಹುದು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈಯ ಗರುಡ ಕೆರೆಗಳ ಮೇಲೆ ಸಿಕ್ಕರೆ ಇನ್ನೂ ಚೆನ್ನ. ಎರಡು ವಾರ ಬರೀ ಹದ್ದು, ಗರುಡ ತೆಗೆಯಿರಿ. ಯಾರೂ ಲೈಕ್ ಕೊಡುವುದಿಲ್ಲ, ಆದರೆ ಕೈ ಪಳಗುತ್ತದೆ.

ಎರಡನೆಯದು ಬೆಳ್ಳಕ್ಕಿ. ಸಂಜೆ ಗೂಡಿಗೆ ಮರಳುವಾಗ ಸಾಲುಸಾಲಾಗಿ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತವೆ. ಇವತ್ತು ನೋಡಿಕೊಂಡರೆ ನಾಳೆ ಆ ದಾರಿಯಲ್ಲಿ ಕಾಯಬಹುದು. ಆಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್), ಚಮಚದ ಕೊಕ್ಕಿನ ಹಕ್ಕಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯಲ್ಲೇ ಇವು ಸಿಗುತ್ತವೆ.

ಈ ಹಂತದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕಟ್ಟುವ ಕಾಲದಲ್ಲಿ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ಬಂದು ಗೂಡಿಗಿಟ್ಟು ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಬರುವ ದಾರಿ ಗೊತ್ತು, ಇಳಿಯುವ ಕೊಂಬೆ ಗೊತ್ತು. ನೀವು ಬೀದಿಯಲ್ಲಿ ನಿಂತು ಅದೇ ಚಿತ್ರವನ್ನು ಹತ್ತು ಸಲ ಪ್ರಯತ್ನಿಸಬಹುದು. ಮರದ ಕೆಳಗೆ ನಿಲ್ಲುವಾಗ ಟೋಪಿ ಇರಲಿ. ಯಾಕೆ ಅಂತ ಹೋದ ಮೇಲೆ ಗೊತ್ತಾಗುತ್ತದೆ.

ಕಳ್ಳಿಪೀರ (ಬೀ-ಈಟರ್), ರೀವ (ಟರ್ನ್), ಮಿಂಚುಳ್ಳಿ ಆಮೇಲೆ. ಕಳ್ಳಿಪೀರದ ಒಂದು ಗುಟ್ಟು ಹೇಳಿಬಿಡುತ್ತೇನೆ. ಅದು ತಂತಿ ಅಥವಾ ಒಣಕೊಂಬೆಯಿಂದ ಹಾರಿ, ಹುಳ ಹಿಡಿದು, ಬಹಳ ಸಲ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಹೋಗುವಾಗ ಹಿಂಬಾಲಿಸಬೇಡಿ. ಕೊಂಬೆಯ ಪಕ್ಕ ಫೋಕಸ್ ಇಟ್ಟುಕೊಂಡು ಅದು ಬರುವುದನ್ನು ಕಾಯಿರಿ. ಅಂಬರಗುಬ್ಬಿಯ ತಂಟೆಗೆ ಮಾತ್ರ ಮೊದಲ ವರ್ಷ ಹೋಗಲೇಬೇಡಿ. ಸುಮ್ನೆ ಬೇಜಾರು.

ಗಾಳಿ ಮತ್ತು ಬಿಸಿಲು, ಎರಡೂ ಬೆನ್ನಿಗೆ

ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಜೊಂಡು ಯಾವ ಕಡೆ ಬಾಗಿದೆ, ನೀರಿನ ಅಲೆ ಎತ್ತ ಓಡುತ್ತಿದೆ ಗಮನಿಸಿದರೆ ಸಾಕು.

ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ವಿಮಾನದ ಹಾಗೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಏಳುತ್ತದೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ದಿನವಿಡೀ ಬಾಲದ ಫೋಟೊಗಳೇ. ಬಿಸಿಲೂ ಬೆನ್ನಿಗಿದ್ದರೆ ಕಣ್ಣಿನಲ್ಲಿ ಮಿಂಚು ಬರುತ್ತದೆ, ಗರಿಗಳ ಒಳಗೂ ಬೆಳಕು ಬೀಳುತ್ತದೆ.

ನಮ್ಮ ಕಡೆಗೆ ಇದರಲ್ಲಿ ಒಂದು ಲೆಕ್ಕ ಇದೆ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ. ಬೆಳಗಿನ ಸೂರ್ಯನೂ ಪೂರ್ವದಲ್ಲೇ. ಅಂದರೆ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಹೊತ್ತು ಕೆರೆಯ ಪೂರ್ವ ದಂಡೆಯಲ್ಲಿ ನಿಂತರೆ ಎರಡೂ ಬೆನ್ನಿಗೆ ಸಿಗುತ್ತವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ್ದು, ಆಗ ಸಂಜೆ ಪಶ್ಚಿಮ ದಂಡೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ. ಗುಂಪಾಗಿ ಏಳುವ ಹಕ್ಕಿಗಳ ಎದೆ ಸಿಗಬೇಕೋ ಬೆನ್ನು ಸಿಗಬೇಕೋ ಅನ್ನುವುದು ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲಿದೆ.

ಹಕ್ಕಿ ಏಳುವ ಮುಂಚೆ ಸೂಚನೆ ಕೊಡುತ್ತದೆ. ಮೈ ಸ್ವಲ್ಪ ತಗ್ಗಿಸುತ್ತದೆ, ಕುತ್ತಿಗೆ ಮುಂದೆ ಚಾಚುತ್ತದೆ, ಗಾಳಿಯ ಕಡೆ ತಿರುಗುತ್ತದೆ. ಬಹಳ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ. ಹಿಕ್ಕೆ ಬಿತ್ತು ಅಂದರೆ ಬೆರಳು ಶಟರ್ ಮೇಲೆ ಇರಲಿ.

ಕಾಯುವ ತಾಳ್ಮೆ ಇಲ್ಲದೆ ಕಲ್ಲು ಎಸೆದು, ಚಪ್ಪಾಳೆ ತಟ್ಟಿ ಹಾರಿಸುವವರನ್ನು ನೋಡಿದ್ದೇನೆ. ಹಾಗೆ ಎದ್ದ ಹಕ್ಕಿ ನಿಮ್ಮಿಂದ ದೂರಕ್ಕೆ ಹಾರುತ್ತದೆ. ಸಿಗುವುದು ಮತ್ತೆ ಬಾಲವೇ. ಗೂಡಿನ ಹತ್ತಿರ ಈ ಕೆಲಸ ಮಾಡಿದರೆ ಮೊಟ್ಟೆ, ಮರಿ ಬಿಸಿಲಿಗೆ ಬೀಳುತ್ತವೆ, ಕಾಗೆ ಕಾದೇ ಇರುತ್ತದೆ.

ಕ್ಯಾಮೆರಾದಲ್ಲಿ ಏನೇನು ಇಡಬೇಕು

ಮ್ಯಾನುವಲ್ ಮೋಡಿಗೆ ಹಾಕಿ. ಹೆದರಬೇಡಿ. ಶಟರ್ ಮತ್ತು ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವುದು) ನೀವು ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋಗೆ ಬಿಡಿ. ಇದು ಮೋಡ ಬಂದು ಹೋಗುವ ದಿನಕ್ಕೆ.

ಶಟರ್: ತೇಲುವ ಹದ್ದಿಗೆ, ಹೆಜ್ಜಾರ್ಲೆಗೆ 1/1250 ಸಾಕು. ಕೊಕ್ಕರೆ, ಬೆಳ್ಳಕ್ಕಿಗೆ 1/2000. ರೀವ, ಕಳ್ಳಿಪೀರ, ಮಿಂಚುಳ್ಳಿಗೆ 1/3200 ಅಥವಾ ಮೇಲೆ. ಅಪರ್ಚರ್ ಎಫ್ 5.6ರಿಂದ 8ರ ಒಳಗೆ. ಅಗ್ಗದ ಜೂಮ್ ಲೆನ್ಸುಗಳು ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗಿರುತ್ತವೆ. ಬೆಳಕು ಇದ್ದರೆ ಒಂದು ಮೆಟ್ಟಿಲು (ಸ್ಟಾಪ್) ಮುಚ್ಚಿ ನೋಡಿ, ಅಂದರೆ ಎಫ್ ಸಂಖ್ಯೆ ಏರಿಸಿ, ವ್ಯತ್ಯಾಸ ಕಾಣುತ್ತದೆ.

ಐಎಸ್‌ಒ ಜಾಸ್ತಿ ಆಯಿತು, ಚಿತ್ರದಲ್ಲಿ ಕಾಳು ಏಳುತ್ತದೆ ಅಂತ ಶಟರ್ ಇಳಿಸುವುದು ಹೊಸಬರೆಲ್ಲ ಮಾಡುವ ತಪ್ಪು. ನಾನೂ ಮಾಡಿದೆ. ಕಾಳುಕಾಳಾದ ಫೋಟೊವನ್ನು ಆಮೇಲೆ ಸರಿಮಾಡಬಹುದು. ಅಲುಗಿದ ಫೋಟೊವನ್ನು ಕಸದ ಬುಟ್ಟಿಗೇ ಹಾಕಬೇಕು. ಐಎಸ್‌ಒ 1600, 3200ಕ್ಕೆ ಹೋದರೂ ಹೋಗಲಿ.

ಫೋಕಸ್ ಸತತವಾಗಿ ಹಿಂಬಾಲಿಸುವ ಮೋಡಿನಲ್ಲಿರಬೇಕು. ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಹಾಕಿಕೊಳ್ಳಿ, ನೀವು ಪುಣ್ಯವಂತರು. ಇಲ್ಲದಿದ್ದರೆ ಮಧ್ಯದ ಒಂದು ಸಣ್ಣ ಗುಂಪು ಪಾಯಿಂಟುಗಳನ್ನು ಆರಿಸಿ. ಒಂದೇ ಪಾಯಿಂಟ್ ಇಟ್ಟರೆ ಹಕ್ಕಿಯ ಮೇಲೆ ನಿಲ್ಲಿಸುವುದು ಕಷ್ಟ. ಎಲ್ಲ ಪಾಯಿಂಟ್ ಇಟ್ಟರೆ ಹಿಂದಿನ ಮರಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ನೀಲಿ ಆಕಾಶದ ಎದುರಿಗಾದರೆ ಪಾಯಿಂಟುಗಳು ಜಾಸ್ತಿ ಇದ್ದರೂ ನಡೆಯುತ್ತದೆ.

ಕಣ್ಣಿಗೇ ಫೋಕಸ್ ಯಾಕೆ ಅಂದರೆ, ಫೋಕಸ್‌ನಲ್ಲಿ ಸಿಗುವ ಆಳ ತೀರಾ ಕಡಿಮೆ. ಕ್ರಾಪ್ ಸೆನ್ಸರ್ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ 400 ಎಂಎಂ, ಎಫ್ 5.6 ಇಟ್ಟು 20 ಮೀಟರ್ ದೂರದ ಹಕ್ಕಿ ತೆಗೆದರೆ ಶಾರ್ಪ್ ಆಗಿ ಕಾಣುವ ಆಳ ಸುಮಾರು ಅರ್ಧ ಮೀಟರ್. 10 ಮೀಟರಿಗೆ ಬಂದರೆ ಒಂದು ಗೇಣೂ ಇಲ್ಲ. ಬಣ್ಣದ ಕೊಕ್ಕರೆಯ ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ಹತ್ತಿರದ ರೆಕ್ಕೆ ತುದಿಗೆ ಫೋಕಸ್ ಬಿದ್ದರೆ ಕಣ್ಣು ಮಸುಕು. ರೆಕ್ಕೆ ಮಸುಕಾಗಿದ್ದರೂ ನೋಡುವವರು ಕ್ಷಮಿಸುತ್ತಾರೆ, ಕಣ್ಣು ಮಸುಕಾಗಿದ್ದರೆ ಕ್ಷಮಿಸುವುದಿಲ್ಲ.

ಬರ್ಸ್ಟ್ (ಒತ್ತಿಹಿಡಿದರೆ ಒಂದರ ಹಿಂದೆ ಒಂದು ಫೋಟೊ ತೆಗೆಯುವುದು) ವೇಗವಾಗಿರಲಿ, ಆದರೆ ಮೂರ್ನಾಲ್ಕು ಫೋಟೊಗಳ ಸಣ್ಣ ಸಣ್ಣ ಸರಣಿ ಸಾಕು. ಮಿರರ್‌ಲೆಸ್‌ನವರು ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಒಂದು ಸಲ ರೆಕ್ಕೆಗಳನ್ನು ಹತ್ತಿರದಿಂದ ನೋಡಿ. ಸೆನ್ಸರ್ ನಿಧಾನವಾಗಿ ಓದುವ ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗೆ ಬರುತ್ತದೆ. ಹಾಗಿದ್ದರೆ ಮೆಕಾನಿಕಲ್ ಶಟರಿಗೆ ಮರಳಿ.

ಜೆಪೆಗ್ ಬದಲು ರಾ ಫೈಲಿನಲ್ಲೇ (ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟುಕೊಳ್ಳುವ ಫೈಲು) ತೆಗೆಯಿರಿ. ಮುಂದೆ ಮಾಡುವ ಕೆಲಸಕ್ಕೆಲ್ಲ ಅದು ಬೇಕು.

ಬಿಳಿ ಹಕ್ಕಿ, ಕಪ್ಪು ಹಕ್ಕಿ

ಕ್ಯಾಮೆರಾ ಚೌಕಟ್ಟಿನ ಒಳಗಿನದೆಲ್ಲ ನಡುಬೂದು ಎಂದುಕೊಂಡು ಬೆಳಕು ಅಳೆಯುತ್ತದೆ. ಬೆಳಗುವ ಆಕಾಶದ ಎದುರು ಕಂದು ಹದ್ದು ಹಾರಿದರೆ ಹಕ್ಕಿ ಕಪ್ಪು ಬೊಟ್ಟಾಗುತ್ತದೆ. ಆಗ ಎಕ್ಸ್‌ಪೋಷರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. ಕಪ್ಪು ಮರಗಳ ಎದುರು ಬೆಳ್ಳಕ್ಕಿ ಹಾರಿದರೆ ಅದು ಉರಿಯುವ ಬಲ್ಬಿನ ಹಾಗೆ ಬರಿ ಬಿಳಿ. ಆಗ ಮುಕ್ಕಾಲಿನಿಂದ ಒಂದು ಸ್ಟಾಪ್ ಇಳಿಸಿ. ಬಿಳಿ ಗರಿಯ ಗೆರೆಗಳು ಒಮ್ಮೆ ಹೋದರೆ ಹೋದವೇ. ಶಾರ್ಪ್ ಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮೋಡವಿಲ್ಲದ ದಿನ ಇನ್ನೊಂದು ಒಳ್ಳೆಯ ದಾರಿ ಇದೆ. ಐಎಸ್‌ಒವನ್ನೂ ನೀವೇ ಇಟ್ಟುಬಿಡಿ. ಸೂರ್ಯ ಎದ್ದು ಒಂದು ಗಂಟೆ ಕಳೆದಿದ್ದರೆ 1/2500, ಎಫ್ 6.3, ಐಎಸ್‌ಒ 800 ಇಟ್ಟು ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಹೆಚ್ಚುಕಡಿಮೆ ಸರಿಪಡಿಸಿಕೊಳ್ಳಿ. ಬೆಳ್ಳಕ್ಕಿಗಾದರೆ ಇನ್ನೂ ಇಳಿಸಬೇಕಾಗುತ್ತದೆ. ಹಕ್ಕಿ ಆಕಾಶದಿಂದ ಮರದ ಕಡೆಗೆ, ಮರದಿಂದ ನೀರಿನ ಮೇಲಕ್ಕೆ ಹೋದರೂ ಅದರ ಮೈಮೇಲೆ ಬೀಳುವ ಬಿಸಿಲು ಬದಲಾಗಿಲ್ಲ ಅಲ್ವಾ? ಹಿನ್ನೆಲೆ ನೋಡಿ ಕ್ಯಾಮೆರಾ ಮೋಸಹೋಗುವುದು ಇದರಿಂದ ತಪ್ಪುತ್ತದೆ.

ಸೊಂಟದಿಂದ ತಿರುಗಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಶಾರ್ಪ್ ಫೋಟೊದ ಅರ್ಧ ಪಾಲು ಇಲ್ಲೇ ಇದೆ.

ಗಂಟೆಗೆ 36 ಕಿ.ಮೀ. ವೇಗದಲ್ಲಿ ಹಾರುವ ಹಕ್ಕಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. 1/1000 ಸೆಕೆಂಡಿನಲ್ಲಿ 1 ಸೆಂ.ಮೀ. ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ಅದೇ 400 ಎಂಎಂ ಲೆನ್ಸ್, 20 ಮೀಟರ್ ದೂರ, 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಆ 1 ಸೆಂ.ಮೀ. ಚಿತ್ರದಲ್ಲಿ ಸುಮಾರು 50 ಪಿಕ್ಸೆಲ್ ಅಗಲದ ಗೀಟಾಗುತ್ತದೆ. ಶಟರ್ 1/2000ಕ್ಕೆ ಏರಿಸಿದರೂ 25 ಪಿಕ್ಸೆಲ್. 1/4000ಕ್ಕೂ ಹನ್ನೆರಡು, ಹದಿಮೂರು ಉಳಿದೇ ಉಳಿಯುತ್ತದೆ. ಇದು ಕ್ಯಾಮೆರಾ ಅಲುಗಾಡದೆ ನಿಂತಿದ್ದರೆ. ಅಂದರೆ ಬರೀ ಶಟರ್ ಏರಿಸಿ ಗೆಲ್ಲಲಾಗುವುದಿಲ್ಲ. ಹಕ್ಕಿಯ ವೇಗಕ್ಕೆ ಸರಿಯಾಗಿ ಲೆನ್ಸ್ ತಿರುಗಬೇಕು. ಲೆನ್ಸ್ ಜೊತೆಗೇ ತಿರುಗಿದರೆ ಸೆನ್ಸರಿನ ಪಾಲಿಗೆ ಹಕ್ಕಿಯ ಮೈ ನಿಂತ ಹಾಗೆಯೇ. ಶಟರ್ ವೇಗ ಆಮೇಲೆ ಬೇಕಾಗುವುದು ರೆಕ್ಕೆ ಬಡಿತಕ್ಕೆ ಮತ್ತು ನಿಮ್ಮ ಕೈಯ ಸಣ್ಣ ತಪ್ಪುಗಳಿಗೆ.

ನಿಲ್ಲುವುದು ಹೀಗೆ. ಕಾಲು ಭುಜದಷ್ಟು ಅಗಲ. ಹಕ್ಕಿ ಎಲ್ಲಿ ಹತ್ತಿರವಾಗುತ್ತದೆ ಅಂದುಕೊಂಡಿದ್ದೀರೋ ಆ ಕಡೆಗೆ ಪಾದ ಇರಲಿ, ಅದು ಬರುವ ಕಡೆಗಲ್ಲ. ಮೈಯನ್ನು ಮಾತ್ರ ಸೊಂಟದಿಂದ ಬರುವ ಕಡೆಗೆ ತಿರುಗಿಸಿಕೊಳ್ಳಿ. ಹಕ್ಕಿ ಹತ್ತಿರ ಬಂದಂತೆ ಸೊಂಟ ಬಿಚ್ಚಿಕೊಳ್ಳುತ್ತಾ ಬರುತ್ತದೆ, ಎದುರಿಗೆ ಬಂದಾಗ ನೀವು ನೆಟ್ಟಗೆ, ಗಟ್ಟಿಯಾಗಿ ನಿಂತಿರುತ್ತೀರಿ. ಎಡಗೈ ಲೆನ್ಸಿನ ಮುಂಭಾಗದ ಕೆಳಗೆ. ಮೊಣಕೈಗಳು ಪಕ್ಕೆಗೆ ಒತ್ತಿಕೊಂಡಿರಲಿ.

ಹಕ್ಕಿಯನ್ನು ಲೆನ್ಸಿನಲ್ಲಿ ಹುಡುಕಬೇಡಿ. ಬರಿಗಣ್ಣಿಂದ ನೋಡುತ್ತಲೇ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ, ಕಣ್ಣನ್ನು ಕ್ಯಾಮೆರಾಕ್ಕೆ ಒಯ್ಯಬೇಡಿ. ಜೂಮ್ ಲೆನ್ಸಾದರೆ ಮೊದಲು 200ರಲ್ಲಿ ಹಿಡಿದು ಆಮೇಲೆ 400ಕ್ಕೆ ಹೋಗಿ. ಫೋಕಸ್ ಮೊದಲೇ ಹೆಚ್ಚುಕಡಿಮೆ ಅದೇ ದೂರದ ಮರಕ್ಕೋ ಬಂಡೆಗೋ ಇಟ್ಟುಕೊಂಡಿದ್ದರೆ ಲೆನ್ಸ್ ಕಣ್ಣುಕಟ್ಟಿದ ಹಾಗೆ ಹಿಂದೆ ಮುಂದೆ ಓಡುವುದಿಲ್ಲ. ಹಕ್ಕಿ ದೂರ ಇದ್ದಾಗಿನಿಂದಲೇ ಹಿಂಬಾಲಿಸಿ. ಒತ್ತುವುದು ಹತ್ತಿರ ಬಂದ ಮೇಲೆ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಕ್ರಿಕೆಟ್‌ನಲ್ಲಿ ಹೊಡೆದ ಮೇಲೆ ಬ್ಯಾಟ್ ಮುಂದಕ್ಕೆ ಹೋಗುತ್ತದಲ್ಲ, ಹಾಗೆ.

ಹಕ್ಕಿ ಸಿಗದ ದಿನ ರಸ್ತೆ ಬದಿ ನಿಂತು ಸ್ಕೂಟರ್‌ಗಳ ಮೇಲೆ ಅಭ್ಯಾಸ ಮಾಡಿ. ನಂಬರ್ ಪ್ಲೇಟ್ ಓದಲು ಬಂದರೆ ಪಾಸು. ನಮ್ಮ ಬೀದಿಯಲ್ಲಿ ಒಬ್ಬರು ನನ್ನನ್ನು ಟ್ರಾಫಿಕ್ ಇಲಾಖೆಯವನು ಅಂದುಕೊಂಡು ಹೆಲ್ಮೆಟ್ ಹಾಕಿಕೊಂಡರು. ಅದೂ ಒಂದು ಸಮಾಜಸೇವೆ.

ದೋಣಿಯಲ್ಲಿ ಕೂತಾಗ

ರಂಗನತಿಟ್ಟು 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾಯಿತು. ಅಲ್ಲಿನ ಹಕ್ಕಿಗಳಿಗೆ ದೋಣಿ, ಜನ ಎರಡೂ ಅಭ್ಯಾಸ. ಅದಕ್ಕೇ ಬೇರೆ ಕಡೆ 50 ಮೀಟರಿಗೆ ಹಾರಿಹೋಗುವ ಹಕ್ಕಿ ಅಲ್ಲಿ ಹುಟ್ಟು ಚಾಚುವಷ್ಟು ದೂರದ ಬಂಡೆಯ ಮೇಲೆ ಕೂತಿರುತ್ತದೆ. ಹತ್ತಿರ ಇದ್ದಷ್ಟೂ ಗರಿಯ ಗೆರೆ ಚೆನ್ನಾಗಿ ಬರುತ್ತದೆ, ಆದರೆ ಆಳ ಕಡಿಮೆಯಾಗುತ್ತದೆ, ಹಕ್ಕಿ ಚೌಕಟ್ಟಿನ ಹೊರಗೂ ಹೋಗುತ್ತದೆ. 400ರ ಬದಲು 250ಕ್ಕೆ ಇಳಿಸಿ, ಎಫ್ 8 ಇಡಿ. ರೆಕ್ಕೆ ಕತ್ತರಿಸಿಹೋದ ನೂರು ಫೋಟೊ ತೆಗೆದ ಮೇಲೆ ನನಗೆ ಇದು ಹೊಳೆಯಿತು.

ದೋಣಿಯಲ್ಲಿ ಟ್ರೈಪಾಡ್ ಬೇಡ. ಹುಟ್ಟಿನ ಅಲುಗಾಟವೆಲ್ಲ ಕ್ಯಾಮೆರಾಕ್ಕೆ ಬರುತ್ತದೆ. ಕೂತುಕೊಂಡೇ, ಮೊಣಕೈಯನ್ನು ದೋಣಿಯ ಅಂಚಿಗೆ ಊರದೆ ತೆಗೆಯಿರಿ. ಶಟರ್ ದಡದಲ್ಲಿ ಇಡುವುದಕ್ಕಿಂತ ಒಂದು ಮೆಟ್ಟಿಲು ಮೇಲಿರಲಿ. ಕಪ್ಪು ಟೋಪಿ, ಹಳದಿ ಕೊಕ್ಕಿನ ರೀವ ಹಕ್ಕಿ ನದಿಯುದ್ದಕ್ಕೂ ತಲೆ ತಗ್ಗಿಸಿ ಹೋಗಿ ಮತ್ತೆ ಅದೇ ದಾರಿಯಲ್ಲಿ ಬರುತ್ತದೆ. ಮೊದಲ ಸುತ್ತು ಸುಮ್ನೆ ನೋಡಿ. ಎರಡನೆಯದಕ್ಕೆ ತೆಗೆಯಿರಿ. ಮೊಸಳೆ ಕಡೆ ಕೈ ಚಾಚಬೇಡಿ ಅಂತ ನಾನು ಹೇಳಬೇಕಾಗಿಲ್ಲ.

ಬೆಳಗಿನ ಮೊದಲ ದೋಣಿ ಹಿಡಿಯುವುದಕ್ಕೆ ಬೆಳಕು ಮಾತ್ರ ಕಾರಣವಲ್ಲ. ಬಿಸಿಲು ಏರಿದ ಮೇಲೆ ಬಂಡೆ, ನೀರು, ನೆಲದ ಮೇಲಿನ ಗಾಳಿ ಬಿಸಿಯಾಗಿ ನಡುಗುತ್ತದೆ. ಡಾಂಬರು ರಸ್ತೆಯ ಮೇಲೆ ಮಧ್ಯಾಹ್ನ ಕಾಣುತ್ತದಲ್ಲ, ಅದೇ. ಆ ಗಾಳಿಯ ಮೂಲಕ ತೆಗೆದ ದೂರದ ಫೋಟೊವನ್ನು ಲಕ್ಷ ರೂಪಾಯಿಯ ಲೆನ್ಸೂ ಶಾರ್ಪ್ ಮಾಡಲಾರದು.

ಮನೆಗೆ ಬಂದ ಮೇಲೆ: ಯಾವ ಮಸುಕು ಇದು?

ಶಾರ್ಪ್ ಮಾಡಲು ಕೂರುವ ಮೊದಲು ಫೋಟೊಗಳನ್ನು ಜರಡಿ ಹಿಡಿಯಬೇಕು. ಪ್ರತಿಯೊಂದನ್ನೂ 100 ಪರ್ಸೆಂಟ್ ದೊಡ್ಡದು ಮಾಡಿ ಕಣ್ಣು ನೋಡಿ. ಮಸುಕಾಗಿದ್ದರೆ ಯಾಕೆ ಅಂತ ಕೇಳಿಕೊಳ್ಳಿ, ಮುಂದಿನ ಸಲಕ್ಕೆ ಪಾಠ ಅದರಲ್ಲೇ ಇದೆ.

ಕಣ್ಣು ಮಸುಕು, ಆದರೆ ಬಾಲವೋ ಹಿಂದಿನ ಎಲೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ, ಕಣ್ಣಿನ ಮಿಂಚು ಚುಕ್ಕಿಯ ಬದಲು ಗೀಟಾಗಿದ್ದರೆ ನೀವು ಸರಿಯಾದ ವೇಗದಲ್ಲಿ ತಿರುಗಿಲ್ಲ. ಮೈ ಶಾರ್ಪ್, ರೆಕ್ಕೆ ತುದಿ ಮಾತ್ರ ಮಸುಕಾದರೆ ಶಟರ್ ಕಡಿಮೆಯಾಗಿದೆ, ಆದರೆ ಅದು ಚೆನ್ನಾಗಿಯೂ ಕಾಣಬಹುದು, ಅಳಿಸಬೇಡಿ. ಅಂಚುಗಳೆಲ್ಲ ನೀರಿನೊಳಗಿನ ಹಾಗೆ ವಕ್ರವಕ್ರವಾಗಿದ್ದರೆ ಬಿಸಿಗಾಳಿ.

ಮೊದಲೆರಡನ್ನು ನಾನು ಅಳಿಸಿಬಿಡುತ್ತೇನೆ. ಮಸುಕು ತೆಗೆಯುವ ಹೊಸ ಎಐ ಸಾಫ್ಟ್‌ವೇರುಗಳು ಸಣ್ಣಪುಟ್ಟ ತಪ್ಪು ಸರಿಮಾಡುತ್ತವೆ, ನಿಜ. ಆದರೆ ತೀರಾ ಹಾಳಾದದ್ದನ್ನು ಕೊಟ್ಟರೆ ಅವು ಗರಿಗಳನ್ನು ಊಹಿಸಿ ಬರೆಯುತ್ತವೆ. ನಾನು ಒಂದು ಸಲ ಪ್ರಯತ್ನಿಸಿದಾಗ ಗರುಡದ ಎದೆಯ ಮೇಲೆ ಮೀನಿನ ಹುರುಪೆ ಬಂತು. ಇನ್ನೂರು ಫೋಟೊಗಳಲ್ಲಿ ಹತ್ತು ಉಳಿದರೆ ಒಳ್ಳೆಯ ಬೆಳಗು ಎಂದುಕೊಳ್ಳಿ.

ಶಾರ್ಪ್ ಮಾಡುವ ಕ್ರಮ

ಮೊದಲು ಒಂದು ವಿಷಯ. ಶಾರ್ಪ್ ಮಾಡುವುದು ಅಂದರೆ ಅಂಚುಗಳಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುವುದು, ಅಷ್ಟೇ. ಕಣ್ಣಿಗೆ ಸ್ಪಷ್ಟವಾದ ಹಾಗೆ ಅನ್ನಿಸುತ್ತದೆ. ಇಲ್ಲದ ಗರಿ ಅದರಿಂದ ಹುಟ್ಟುವುದಿಲ್ಲ. ಕಾಳುಗಳಿಗೂ ಅಂಚು ಇರುವುದರಿಂದ ಅವೂ ಜೊತೆಗೇ ಎದ್ದು ಕಾಣುತ್ತವೆ. ಅದಕ್ಕೇ ನನ್ನ ಮೊದಲ ಹಕ್ಕಿ ಮರಳು ಎರಚಿದ ಹಾಗಾದದ್ದು.

ಹಾಗಾಗಿ ಮೊದಲು ಕಾಳು ತೆಗೆಯಿರಿ, ಆಮೇಲೆ ಶಾರ್ಪ್. ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಇದ್ದರೆ ಅದರ ಎಐ ಡಿನಾಯ್ಸ್ ಒಳ್ಳೆಯದು. ಸ್ಲೈಡರ್ 30ರಿಂದ 50ರ ನಡುವೆ ಸಾಕು. ಜಾಸ್ತಿ ಮಾಡಿದರೆ ಗರಿ ಮೇಣದ ಹಾಗಾಗುತ್ತದೆ.

ಆಮೇಲೆ ಶಾರ್ಪನಿಂಗ್‌ನ ನಾಲ್ಕು ಸ್ಲೈಡರುಗಳು. ಅಮೌಂಟ್ ಎಂದರೆ ಎಷ್ಟು ಜೋರು. ರೇಡಿಯಸ್ ಎಂದರೆ ಅಂಚಿನಿಂದ ಎಷ್ಟು ದೂರದವರೆಗೆ. ಡಿಟೇಲ್ ಎಂದರೆ ಎಷ್ಟು ಸಣ್ಣ ಗೆರೆಯನ್ನೂ ಎತ್ತಬೇಕು. ಮಾಸ್ಕಿಂಗ್ ಎಂದರೆ ಎಲ್ಲಿ ಮಾಡಬಾರದು. ಹಕ್ಕಿಗೆ ನಾನು ಶುರು ಮಾಡುವುದು ಅಮೌಂಟ್ 60, ರೇಡಿಯಸ್ 0.8, ಡಿಟೇಲ್ 25ರಿಂದ. ಗರಿ ತೆಳ್ಳಗಿನ ಗೆರೆಗಳದ್ದು, ಅದಕ್ಕೆ ರೇಡಿಯಸ್ ಚಿಕ್ಕದಿರಬೇಕು.

ಎಲ್ಲಕ್ಕಿಂತ ಮುಖ್ಯ ಮಾಸ್ಕಿಂಗ್, ಅದನ್ನೇ ಯಾರೂ ಮುಟ್ಟುವುದಿಲ್ಲ. ಕೀಬೋರ್ಡಿನ ಆಲ್ಟ್ ಕೀ, ಮ್ಯಾಕ್ ಆದರೆ ಆಪ್ಷನ್ ಕೀ ಒತ್ತಿಹಿಡಿದು ಆ ಸ್ಲೈಡರ್ ಎಳೆಯಿರಿ. ಚಿತ್ರ ಕಪ್ಪುಬಿಳಿಯಾಗುತ್ತದೆ. ಬಿಳಿ ಇದ್ದಲ್ಲಿ ಶಾರ್ಪ್ ಆಗುತ್ತದೆ, ಕಪ್ಪು ಇದ್ದಲ್ಲಿ ಆಗುವುದಿಲ್ಲ. ಆಕಾಶ ಪೂರ್ತಿ ಕಪ್ಪಾಗಿ, ಹಕ್ಕಿಯ ಗೆರೆಗಳು ಮಾತ್ರ ಉಳಿಯುವವರೆಗೆ ಎಳೆಯಿರಿ. ಸಾಮಾನ್ಯವಾಗಿ 70ರಿಂದ 90. ಆಕಾಶಕ್ಕೆ ಶಾರ್ಪ್‌ನೆಸ್ ಯಾಕೆ ಬೇಕು ಹೇಳಿ?

ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ರಾಥೆರಪಿಯಲ್ಲಿರುವ ಕ್ಯಾಪ್ಚರ್ ಶಾರ್ಪನಿಂಗ್ ಒಂದನ್ನೇ ಹಾಕಿದರೂ ಹಕ್ಕಿ ಫೋಟೊಗೆ ಬಹಳ ಸಲ ಸಾಕಾಗುತ್ತದೆ. ಜಿಂಪ್ ಬಳಸುವವರಿಗೆ ಅನ್‌ಶಾರ್ಪ್ ಮಾಸ್ಕ್ ಇದೆ. ರೇಡಿಯಸ್ 1ರ ಆಸುಪಾಸು, ಅಮೌಂಟ್ 0.5ರಿಂದ ಶುರು ಮಾಡಿ, ಆಕಾಶದ ಕಾಳು ಏಳದಂತೆ ಥ್ರೆಶೋಲ್ಡ್ ಸ್ವಲ್ಪ ಏರಿಸಿ.

ಇಷ್ಟಾದ ಮೇಲೆ ಕಣ್ಣು, ಕೊಕ್ಕು, ಮುಖಕ್ಕೆ ಮಾತ್ರ ಬ್ರಶ್‌ನಲ್ಲಿ ಇನ್ನೊಂದಿಷ್ಟು. ಶಾರ್ಪ್‌ನೆಸ್ 15-20, ಜೊತೆಗೆ ಎಕ್ಸ್‌ಪೋಷರ್ ಕಾಲು ಸ್ಟಾಪ್ ಏರಿಸಿದರೆ ಕಣ್ಣಿಗೆ ಜೀವ ಬರುತ್ತದೆ. ರೆಕ್ಕೆಗೆ ಇದು ಬೇಡ. ನೋಡುವವರ ದೃಷ್ಟಿ ಮೊದಲು ಹೋಗುವುದು ಮುಖಕ್ಕೆ. ಕ್ಲ್ಯಾರಿಟಿ ಸ್ಲೈಡರಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹದ್ದಿಗೆ ಸರಿ, ಬೆಳ್ಳಕ್ಕಿಗೆ ಹಾಕಿದರೆ ಕೊಳೆಯಾದ ಹಾಗೆ ಕಾಣುತ್ತದೆ.

ಜಾಸ್ತಿಯಾಯಿತು ಅಂತ ಗೊತ್ತಾಗುವುದು ಹೇಗೆ? ಹಕ್ಕಿಯ ಹೊರ ಅಂಚು, ಆಕಾಶ ಸೇರುವ ಜಾಗ ನೋಡಿ. ಅಲ್ಲಿ ತೆಳ್ಳಗೆ ಬಿಳಿ ಗೆರೆ ಎದ್ದಿದ್ದರೆ ವಾಪಸ್ ಬನ್ನಿ. ನಾನು ಒಮ್ಮೆ ಬೆಳ್ಳಕ್ಕಿಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಭಾವನ ಗೃಹಪ್ರವೇಶಕ್ಕೆ ಕೊಟ್ಟೆ. ಕಂಪ್ಯೂಟರಿನಲ್ಲಿ ಕಾಣದ ಗೆರೆ ಪ್ರಿಂಟಿನಲ್ಲಿ ಸೀಮೆಸುಣ್ಣದ ಗೆರೆಯ ಹಾಗೆ ಎದ್ದು ಕೂತಿತ್ತು. "ಹಕ್ಕಿಯನ್ನು ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ್ದಾ?" ಎಂದು ಅವರ ಅಮ್ಮ ಕೇಳಿದರು. ಆ ಫೋಟೊ ಇನ್ನೂ ಅವರ ಹಾಲ್‌ನಲ್ಲಿದೆ. ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಕೊನೆಯದು, ಹೊರಗೆ ಕಳಿಸುವಾಗಿನ ಶಾರ್ಪನಿಂಗ್. 6000 ಪಿಕ್ಸೆಲ್ ಅಗಲದ ಚಿತ್ರವನ್ನು 2000ಕ್ಕೆ ಇಳಿಸಿದಾಗ ಅದು ಸ್ವಲ್ಪ ಮೆತ್ತಗಾಗುತ್ತದೆ. ಅದಕ್ಕೇ ಮೊದಲು ಗಾತ್ರ ಇಳಿಸಿ, ಆಮೇಲೆ ಲಘುವಾಗಿ ಶಾರ್ಪ್ ಮಾಡಿ. ಲೈಟ್‌ರೂಮಿನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಸ್ಕ್ರೀನ್, ಸ್ಟ್ಯಾಂಡರ್ಡ್ ಆರಿಸಿದರೆ ಇದು ತಾನಾಗಿ ಆಗುತ್ತದೆ. ಜಿಂಪ್‌ನಲ್ಲಾದರೆ ಗಾತ್ರ ಇಳಿಸಿದ ಮೇಲೆ ರೇಡಿಯಸ್ 0.3ರಲ್ಲಿ ಒಮ್ಮೆ ಹಾಯಿಸಿ. ಪ್ರಿಂಟಿಗಾದರೆ ಸ್ಕ್ರೀನ್ ಮೇಲೆ ತುಸು ಜಾಸ್ತಿ ಅನ್ನಿಸುವಷ್ಟು ಬೇಕಾಗುತ್ತದೆ, ಯಾಕೆಂದರೆ ಕಾಗದ ಶಾಯಿ ಹೀರಿಕೊಳ್ಳುತ್ತದೆ. ದೊಡ್ಡ ಪ್ರಿಂಟ್ ಹಾಕಿಸುವ ಮುಂಚೆ ತಲೆಯ ಭಾಗವನ್ನಷ್ಟೇ ಕತ್ತರಿಸಿ, ಗೋಡೆಗೆ ಬರುವ ಅಳತೆಯಲ್ಲೇ ಒಂದು ಚಿಕ್ಕ ಕಾಗದದ ಮೇಲೆ ತೆಗೆಸಿ ನೋಡಿ. ಖರ್ಚು ಕಡಿಮೆ, ಭಾವನ ಮನೆಯಲ್ಲಿ ಮಾನವೂ ಉಳಿಯುತ್ತದೆ.